ಹೆಲ್ಸಿಂಕಿಯ ಹತ್ತು ಗೋಲು ಮತ್ತು ರಹೀಂ ಸಾಹೇಬರ ಲೆಕ್ಕ

2024ರಲ್ಲಿ ‘ಮೈದಾನ್’ ಸಿನೆಮಾ ನೋಡಿ ಬಂದು ಗೆಳೆಯರೆಲ್ಲ ಕಾಫಿಗೆ ಕೂತಿದ್ದಾಗ ಒಬ್ಬ ಅಂದ, “ಬರಿಗಾಲಲ್ಲಿ ಆಡಿದ್ರೆ ಹತ್ತು ಗೋಲು ಬೀಳದೆ ಇನ್ನೇನಾಗತ್ತೋ ಮಾರಾಯ!” ಎಲ್ಲರೂ ತಲೆಯಾಡಿಸಿದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಸೋಲಿಸಿದ್ದರ ಬಗ್ಗೆ ಅವನ ಮಾತು. ನಾನೂ ಬಹಳ ವರ್ಷ ಹಾಗೇ ನಂಬಿದ್ದವನು. ಆದರೆ ಕೂತು ಸ್ವಲ್ಪ ಲೆಕ್ಕ ಹಾಕಿದರೆ ಈ ಬರಿಗಾಲಿನ ವಿವರಣೆ ನಿಲ್ಲೋದಿಲ್ಲ.

ಯಾಕೆ ಅಂತೀರಾ? ಅದಕ್ಕೆ ನಾಲ್ಕು ವರ್ಷ ಮುಂಚೆ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲೂ ನಮ್ಮವರಲ್ಲಿ ಬಹುಪಾಲು ಜನ ಬರಿಗಾಲಲ್ಲೇ ಆಡಿದ್ದು. ಎದುರಾಳಿ ಫ್ರಾನ್ಸ್. ಎರಡು ಪೆನಾಲ್ಟಿ ಕೈಚೆಲ್ಲಿಯೂ ನಾವು ಸೋತದ್ದು ಬರೀ 2-1ರಿಂದ. (ಆವತ್ತು ನಮ್ಮ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಈ ಹೆಸರು ನಮ್ಮೂರಲ್ಲಿ ಎಷ್ಟು ಜನಕ್ಕೆ ಗೊತ್ತು?) 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಇರಾನನ್ನು 1-0ಯಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲೂ ಬೂಟಿಲ್ಲದವರು ಇದ್ದರು. ಮರುವರ್ಷ ಅದೇ ಕಾಲುಗಳಿಗೆ ಹತ್ತು ಗೋಲು ಬಿದ್ದವು ಅಂದರೆ ತಪ್ಪು ಬೇರೆಲ್ಲೋ ಇರಬೇಕಲ್ಲವೇ? ಹೆಲ್ಸಿಂಕಿಯ ಚಳಿ ಕಾಡಿದ್ದು ನಿಜ. ಎದುರಾಳಿ ಸಾಮಾನ್ಯದ್ದಲ್ಲ ಎನ್ನುವುದೂ ನಿಜ. ಆ ಯುಗೊಸ್ಲಾವಿಯ ಮುಂದೆ ಸೋವಿಯತ್ ಒಕ್ಕೂಟದ ಜೊತೆ 5-5 ಡ್ರಾ ಮಾಡಿ, ಮರುಪಂದ್ಯ ಗೆದ್ದು, ಕೊನೆಗೆ ಬೆಳ್ಳಿ ಪದಕ ತಗೊಂಡು ಹೋಯಿತು. ಆದರೂ ಹತ್ತು ಅನ್ನೋದು ಹತ್ತೇ.

ಅಸಲಿ ಕಥೆ ಯಾರು ಎಲ್ಲಿ ನಿಲ್ಲುತ್ತಿದ್ದರು ಅನ್ನುವುದರಲ್ಲಿದೆ. ನಮ್ಮವರು ಆಗ ಆಡುತ್ತಿದ್ದದ್ದು ಅಜ್ಜನ ಕಾಲದ 2-3-5. ಹಿಂದೆ ಇಬ್ಬರು ಬ್ಯಾಕ್‌ಗಳು, ನಡುವೆ ಮೂವರು ಹಾಫ್‌ಗಳು, ಮುಂದೆ ಐವರು ಫಾರ್ವರ್ಡ್‌ಗಳು. ಯುರೋಪಿನಲ್ಲಿ 1925ರಲ್ಲಿ ಆಫ್‌ಸೈಡ್ ನಿಯಮ ಬದಲಾದ ಮೇಲೆ ನಡುವಿನ ಹಾಫನ್ನು ಹಿಂದಕ್ಕೆಳೆದು ಮೂರನೇ ಬ್ಯಾಕ್ ಮಾಡಿಕೊಂಡಿದ್ದರು. ನಮ್ಮಲ್ಲಿ ಅವನು ಇನ್ನೂ ಚೆಂಡಿನ ಜೊತೆ ಮುಂದೆ ಓಡುತ್ತಲೇ ಇದ್ದ. ಎದುರಾಳಿಯ ಮೂವರು ಒಟ್ಟಿಗೆ ನುಗ್ಗಿದರೆ ಕಾಯುವವರು ಇಬ್ಬರು. ಮೂರರಲ್ಲಿ ಎರಡು ಕಳೆದರೆ ಒಬ್ಬ ಯಾವಾಗಲೂ ಖಾಲಿ. ಇದಕ್ಕೆ ಎಂಜಿನಿಯರಿಂಗ್ ಓದಬೇಕಿಲ್ಲ, ಒಂದನೇ ಕ್ಲಾಸಿನ ಗಣಿತ ಸಾಕು :) ಬ್ರಾಂಕೊ ಜೆಬೆಕ್ ಒಬ್ಬರೇ ನಾಲ್ಕು ಗೋಲು ಹೊಡೆದರು. ನಮ್ಮ ಒಂದೇ ಒಂದು ಗೋಲು ಅಹ್ಮದ್ ಖಾನ್ ಅವರದ್ದು. ಅವರೂ ಬೆಂಗಳೂರಿನವರೇ, ಈಸ್ಟ್ ಬೆಂಗಾಲ್ ಕ್ಲಬ್ಬಿನ ಪ್ರಸಿದ್ಧ ‘ಪಂಚಪಾಂಡವ’ರಲ್ಲಿ ಒಬ್ಬರು.

ಆ ತಂಡದ ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ, ಮೂಲತಃ ಸ್ಕೂಲ್ ಮೇಷ್ಟ್ರು. ಅಂದರೆ ಆ ಹತ್ತು ಗೋಲುಗಳು ಅವರ ಖಾತೆಗೂ ಸೇರಿದವು. ಸಿನೆಮಾ ನೋಡಿದವರಿಗೆ ರಹೀಂ ತಪ್ಪೇ ಮಾಡದ ವೀರನಂತೆ ಕಾಣಬಹುದು. ನನಗೆ ಅವರು ಇಷ್ಟವಾಗುವುದು ತಮ್ಮದೇ ಪ್ರೋಗ್ರಾಮಿನ ಬಗ್ ತಾವೇ ಹುಡುಕಿ ಸರಿಮಾಡಿದ ಮನುಷ್ಯ ಅಂತ. ಹೆಲ್ಸಿಂಕಿಯ ನಂತರ ಫುಟ್‌ಬಾಲ್ ಫೆಡರೇಷನ್ ಬೂಟು ಕಡ್ಡಾಯ ಮಾಡಿ ಕೈತೊಳೆದುಕೊಂಡಿತು. ರಹೀಂ ಮಾತ್ರ ಆಟದ ವಿನ್ಯಾಸಕ್ಕೇ ಕೈ ಹಾಕಿದರು. ಮೂರನೇ ಬ್ಯಾಕ್ ಬಂದ. ಹಂಗೇರಿಯವರಿಂದ ಕಲಿತು ಒಬ್ಬ ಫಾರ್ವರ್ಡನ್ನು ಹಿಂದೆ ಸರಿಸಿ ಆಡಿಸಿದರು. ಎಡಗಾಲು ಬಲಗಾಲು ಎರಡರಲ್ಲೂ ಆಡಬೇಕು, ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಮೆರೆಯಬಾರದು ಅಂತ ಹುಡುಗರಿಗೆ ಅಭ್ಯಾಸ ಮಾಡಿಸಿದರು. ಇದು ಹೇಳಿದಷ್ಟು ಸುಲಭವಿರಲಿಲ್ಲ. ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳು ಇಬ್ಬರು ಬ್ಯಾಕ್‌ಗಳ ಪದ್ಧತಿಯನ್ನು ಬಿಡಲು ತಡಮಾಡಿದವು. ಆಟಗಾರರು ವರ್ಷವೆಲ್ಲ ಕ್ಲಬ್ಬಿನಲ್ಲಿ ಒಂದು ಪದ್ಧತಿ ಆಡಿ, ದೇಶದ ಶಿಬಿರಕ್ಕೆ ಬಂದು ಇನ್ನೊಂದನ್ನು ಕಲಿಯಬೇಕಿತ್ತು.

1956ರ ಮೆಲ್ಬರ್ನ್‌ನಲ್ಲಿ ಮತ್ತೆ ಯುಗೊಸ್ಲಾವಿಯ ಎದುರಾಯಿತು, ಈ ಸಲ ಸೆಮಿಫೈನಲ್‌ನಲ್ಲಿ! ನೆವಿಲ್ ಡಿಸೋಜ ಮೊದಲ ಗೋಲು ಹೊಡೆದು ನಾವೇ ಸ್ವಲ್ಪ ಹೊತ್ತು ಮುಂದಿದ್ದೆವು. ಕೊನೆಗೆ 4-1ರಿಂದ ಸೋತೆವು. ನಾಲ್ಕನೇ ಸ್ಥಾನ. ಹಂಗೇರಿ ಬಾರದೆ ನಮಗೆ ಒಂದು ವಾಕ್‌ಓವರ್ ಸಿಕ್ಕಿತ್ತು, ತಂಡಗಳೂ ಕಡಿಮೆ ಇದ್ದವು, ಅದನ್ನೂ ಒಪ್ಪಿಕೊಳ್ಳೋಣ. ಆದರೆ ಆಸ್ಟ್ರೇಲಿಯವನ್ನು ಅದರ ನೆಲದಲ್ಲೇ 4-2ರಿಂದ ಸೋಲಿಸಿದ್ದು, ಅದರಲ್ಲಿ ಡಿಸೋಜ ಹ್ಯಾಟ್ರಿಕ್ ಹೊಡೆದದ್ದು ಯಾರೂ ದಾನ ಕೊಟ್ಟದ್ದಲ್ಲ.

1960ರ ರೋಮ್ ಬಿಟ್ಟು ನೇರ 1962ರ ಜಕಾರ್ತಕ್ಕೆ ಬರ್ತೀನಿ. ಏಷ್ಯನ್ ಗೇಮ್ಸ್‌ನ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 0-2 ಸೋಲು. ಆಮೇಲೆ ಥಾಯ್ಲೆಂಡ್ ಮೇಲೆ 4-1ರ ಗೆಲುವೇನೋ ಬಂತು, ಆದರೆ ತಂಡದ ಅತ್ಯುತ್ತಮ ಡಿಫೆಂಡರ್ ಜರ್ನೈಲ್ ಸಿಂಗ್ ತಲೆ ಒಡೆದುಕೊಂಡು ಆರು ಹೊಲಿಗೆ ಹಾಕಿಸಿಕೊಂಡರು. ಇನ್ನೊಬ್ಬ ಡಿಫೆಂಡರ್ ತ್ರಿಲೋಕ್ ಸಿಂಗ್‌ಗೆ ಕಾಲ್ಬೆರಳಿನ ಗಾಯ. ಗೋಲ್‌ಕೀಪರ್ ಪೀಟರ್ ತಂಗರಾಜ್‌ಗೆ ಫ್ಲೂ. ಆಟದ ನಡುವೆ ಬದಲಿ ಆಟಗಾರ ಬರುವಂತಿಲ್ಲದ ಕಾಲ ಅದು. ಹನ್ನೊಂದು ಹೆಸರು ಬರೆದುಕೊಟ್ಟರೆ ಮುಗೀತು, ಅಷ್ಟೇ. ಇಷ್ಟರ ಮೇಲೆ ರಹೀಂ ಅವರಿಗೇ ಶ್ವಾಸಕೋಶದ ಕ್ಯಾನ್ಸರ್.

ಸೆಮಿಫೈನಲ್‌ಗೆ ಅವರು ಮಾಡಿದ್ದನ್ನು ಓದಿದಾಗ ನನಗೆ ನಿಜಕ್ಕೂ ಮೈ ಜುಮ್ಮೆಂದಿತು. ತಲೆಗೆ ಬ್ಯಾಂಡೇಜ್ ಕಟ್ಟಿದ ಸ್ಟಾಪರ್ ಜರ್ನೈಲ್‌ರನ್ನು ಸೆಂಟರ್ ಫಾರ್ವರ್ಡ್ ಜಾಗದಲ್ಲಿ ನಿಲ್ಲಿಸಿದರು! ಹುಚ್ಚು ಅನ್ನಿಸುತ್ತೆ. ಆದರೆ ಜರ್ನೈಲ್ ಕಾಲೇಜು ದಿನಗಳಲ್ಲಿ ಫಾರ್ವರ್ಡ್ ಆಗಿ ಆಡಿದವರು. ಗಾಯಗೊಂಡ ತಲೆ ಹೊತ್ತು ಹಿಂದೆ ನಿಂತರೆ ಒಂದು ತಪ್ಪಿಗೆ ಒಂದು ಗೋಲು. ಮುಂದೆ ನಿಂತು ತಪ್ಪಿದರೆ ಹೋಗುವುದು ಒಂದು ಅವಕಾಶ ಮಾತ್ರ. ದಕ್ಷಿಣ ವಿಯೆಟ್ನಾಂ ಮೇಲೆ 3-2 ಗೆಲುವು. ನಾಯಕ ಚುನಿ ಗೋಸ್ವಾಮಿ ಎರಡು, ಜರ್ನೈಲ್ ಒಂದು.

ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಮತ್ತೆ ಅದೇ ದಕ್ಷಿಣ ಕೊರಿಯಾ. ಇಸ್ರೇಲ್ ಮತ್ತು ತೈವಾನನ್ನು ಹೊರಗಿಟ್ಟದ್ದನ್ನು ನಮ್ಮ ಜಿ.ಡಿ. ಸೋಂಧಿ ಟೀಕಿಸಿದ್ದರಿಂದ ಜಕಾರ್ತದ ಜನ ಭಾರತದ ಮೇಲೆ ಕೆಂಡವಾಗಿದ್ದರು. ಕ್ರೀಡಾಂಗಣ ಪೂರ್ತಿ ನಮ್ಮ ವಿರುದ್ಧ. ರಹೀಂ ಗೋಲ್‌ಕೀಪರ್ ಪ್ರದ್ಯುತ್ ಬರ್ಮನ್‌ರನ್ನು ಕೂರಿಸಿ, ಜ್ವರದಿಂದ ಎದ್ದು ಬಂದ ಎತ್ತರದ ಆಳು ತಂಗರಾಜ್‌ರನ್ನು ಇಳಿಸಿದರು. ತ್ರಿಲೋಕ್ ನೋವಲ್ಲೇ ಆಡಿದರು. 17ನೇ ನಿಮಿಷಕ್ಕೆ ಪಿ.ಕೆ. ಬ್ಯಾನರ್ಜಿ, 20ಕ್ಕೆ ಜರ್ನೈಲ್. ಕೊರಿಯಾದ ಗೋಲು ಬಂದಾಗ ಆಟ ಮುಗಿಯಲು ಕೆಲವೇ ನಿಮಿಷ ಬಾಕಿ. 2-1.

1963ರ ಜೂನ್‌ನಲ್ಲಿ ರಹೀಂ ತೀರಿಕೊಂಡರು. 1960ರ ನಂತರ ಭಾರತದ ಫುಟ್‌ಬಾಲ್ ತಂಡ ಒಲಿಂಪಿಕ್ಸ್ ಕಂಡಿಲ್ಲ. ಹೆಲ್ಸಿಂಕಿಯಲ್ಲಿ ಆ ಒಂದು ಗೋಲು ಹೊಡೆದ ಅಹ್ಮದ್ ಖಾನ್ 2017ರವರೆಗೂ ಬದುಕಿದ್ದರು. ಇದೇ ಊರಿನಲ್ಲೇ ಓದಿ ಕೆಲಸ ಮಾಡಿಕೊಂಡಿದ್ದ ನನಗೆ ಒಂದು ಸಲ ಹೋಗಿ ಮಾತಾಡಿಸಿ ಬರಬೇಕು ಅನ್ನೋದೇ ಹೊಳೆಯಲಿಲ್ಲ. ನಿಮ್ಮ ಮನೆಯ ಹಿರಿಯರಲ್ಲಿ ಅವರ ಆಟ ನೋಡಿದವರಿದ್ದರೆ ದಯವಿಟ್ಟು ಕೇಳಿ ಬರೆದು ತಿಳಿಸಿ.