ಬಿಜಾಪುರದ ಮೋಡದ ಕುದುರೆ

ಬಿಜಾಪುರ ಎಂದೊಡನೆ ನಮಗೆಲ್ಲ ನೆನಪಾಗುವುದು ಗೋಲಗುಮ್ಮಟ. ಶಾಲೆಯ ಪ್ರವಾಸದಲ್ಲಿ ಅದರ ಕೆಳಗೆ ನಿಂತು ಕೂಗಿ, ಏಳು ಸಲ ಮರುದನಿ ಎಣಿಸಿದವರು ನಮ್ಮ ಸದಸ್ಯರಲ್ಲಿ ಎಷ್ಟೋ ಮಂದಿ. ಆ ಗುಮ್ಮಟ ಎದ್ದ 17ನೆಯ ಶತಮಾನದಲ್ಲಿಯೇ ಆ ಊರಿನ ಚಿತ್ರಕಾರರು ಕಾಗದದ ಮೇಲೆ ಮತ್ತೊಂದು ಅದ್ಭುತ ಮಾಡಿದ್ದರು. ಅವರು ಬರೆದ ಕುದುರೆಗಳ ಮೈಬಣ್ಣ ಯಾವ ಲಾಯದಲ್ಲಿಯೂ ಸಿಗದು. ಮೈತುಂಬ ಮಂಜು ಸುಳಿದಂತೆ, ಮೋಡ ಹರಿದಂತೆ ಗೆರೆಗಳು.

ಈ ಬಗೆಯ ಕಾಗದಕ್ಕೆ 'ಅಬ್ರಿ' ಎಂದು ಹೆಸರು. ಫಾರ್ಸಿಯಲ್ಲಿ 'ಅಬ್ರ್' ಎಂದರೆ ಮೋಡ. ನಮಗೆ ಪರಿಚಿತವಾದ ಸಂಸ್ಕೃತದ 'ಅಭ್ರ' ಅದರ ಸೋದರ ಶಬ್ದ. ಹಳೆಯ ಪುಸ್ತಕಗಳ ರಟ್ಟಿನ ಒಳಬದಿಯಲ್ಲಿ ಇಂಥ ಕಾಗದವನ್ನು ತಾವೂ ಕಂಡಿರಬಹುದು.

ಮಾಡುವ ಕ್ರಮ ಹೀಗೆ. ಅಗಲವಾದ ತಟ್ಟೆಯಲ್ಲಿ ಮೆಂತ್ಯ ಅಥವಾ ಗೋಂದು ನೆನೆಸಿದ ಲೋಳೆನೀರು. ಬಣ್ಣ ಮುಳುಗದೆ ಹರಡಲೆಂದು ಅದಕ್ಕೆ ಎತ್ತಿನ ಪಿತ್ತರಸ ಬೆರೆಸಿ, ಹನಿಹನಿಯಾಗಿ ನೀರಿನ ಮೇಲೆ ಬಿಡುತ್ತಾರೆ. ಸೂಜಿಯಿಂದಲೋ ಬಾಚಣಿಗೆಯಿಂದಲೋ ಮೆಲ್ಲಗೆ ಎಳೆದರೆ ಸುಳಿಗಳು ಏಳುತ್ತವೆ. ಮೇಲೆ ಕಾಗದ ಹಾಸಿ ಎತ್ತಿದರೆ ಚಿತ್ತಾರ ಅದಕ್ಕೆ ಅಂಟಿಬರುತ್ತದೆ. ಒಮ್ಮೆ ಬಂದದ್ದು ಮತ್ತೊಮ್ಮೆ ಬರುವುದಿಲ್ಲ.

ಇರಾನ್, ತುರ್ಕಿಗಳಲ್ಲಿ ಈ ಕಾಗದ ಹೆಚ್ಚಾಗಿ ಅಂಚಿಗೆ, ಅಲಂಕಾರಕ್ಕೆ ಬಳಕೆಯಾಗುತ್ತಿತ್ತು. ದಖ್ಖನಿನ ಚಿತ್ರಕಾರರು ಅದನ್ನೇ ಪ್ರಾಣಿಯ ಚರ್ಮ ಮಾಡಿದರು. ಕುದುರೆಯ ಆಕಾರವನ್ನು ಮಾತ್ರ ತೆರೆದಿಟ್ಟು ಉಳಿದ ಭಾಗವನ್ನು ಮರೆಮಾಡಿದರೆ, ಬಣ್ಣ ಹಿಡಿಯುವುದು ಕುದುರೆಯ ಮೈಗಷ್ಟೇ. ಆಮೇಲೆ ಕಣ್ಣು, ಕಿವಿ, ಜೀನುಗಳನ್ನು ಕುಂಚದಿಂದ ತಿದ್ದುತ್ತಿದ್ದರು. ಆಕಾರ ಮನುಷ್ಯನದು, ಮಚ್ಚೆ ನೀರಿನದು!

ಇಂಥದೊಂದು ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ: ಬಡಕಲು ಕುದುರೆಯ ಮೇಲೆ ಒಬ್ಬ ವಿರಾಗಿ. ಹಸಿದ ಕುದುರೆ ಎಂದರೆ ಸಾಧಕ ಹತೋಟಿಗೆ ತಂದ ದೇಹದ ಆಸೆ ಎಂದು ವಿದ್ವಾಂಸರು ಅರ್ಥ ಹೇಳುತ್ತಾರೆ. ಇಂದ್ರಿಯಗಳನ್ನು ಕುದುರೆಗೆ ಹೋಲಿಸಿದ ಕಠೋಪನಿಷತ್ತನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ.

ಈ ಕಲೆ ಬಿಜಾಪುರದಲ್ಲಿ ಬೆಳೆದದ್ದು ಆಕಸ್ಮಿಕವಲ್ಲ. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ ಇರಾನಿನಿಂದ ಬಂದ ಕವಿ ಜುಹೂರಿಯಂಥವರಿದ್ದರು. ಸುಲ್ತಾನನೇ ದಖನಿ ಭಾಷೆಯಲ್ಲಿ 'ಕಿತಾಬ್-ಎ-ನೌರಸ್' ರಚಿಸಿ, ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದ. ಹೊರಗಿನಿಂದ ಬಂದವರ ವಿದ್ಯೆಗೆ ಊರು ಜಾಗ ಕೊಟ್ಟಿತು; ಊರಿನ ಕೈಯಲ್ಲಿ ಆ ವಿದ್ಯೆ ಹೊಸ ರೂಪ ಪಡೆಯಿತು. ಪರದೇಶದಲ್ಲಿ ನೆಲೆಸಿರುವ ನಾವು ಮನಸ್ಸಿನಲ್ಲಿಡಬೇಕಾದ ಮಾತಿದು.

1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು, ಅರಮನೆಯ ಆಶ್ರಯ ತಪ್ಪಿತು. ಉಳಿದ ಚಿತ್ರಗಳು ಊರೂರು ಸೇರಿದವು. ಬಹುಪಾಲು ಚಿತ್ರಗಳಲ್ಲಿ ಬರೆದವರ ಹೆಸರಿಲ್ಲ. ಶೈಲಿ ನೋಡಿಯೇ ಅವುಗಳ ಊರನ್ನು ಗುರುತಿಸಬೇಕಾಗಿದೆ.

2014ರಿಂದ ಆ ಊರಿನ ಹೆಸರು ವಿಜಯಪುರ. ಮುಂದಿನ ಸಲ ಮಕ್ಕಳಿಗೆ ಗೋಲಗುಮ್ಮಟದ ಕಥೆ ಹೇಳುವಾಗ ಮೋಡದ ಕುದುರೆಯ ಕಥೆಯನ್ನೂ ಸೇರಿಸಿ. ಆ ಚಿತ್ರಕಾರರ ಹೆಸರು ನಮಗೆ ಉಳಿದಿಲ್ಲ. ಅವರ ಊರಿನ ಹೆಸರಾದರೂ ಮಕ್ಕಳ ನೆನಪಿನಲ್ಲಿ ಉಳಿಯಲಿ.