ಹನುಮಂತನಗರ, ಗವಿಪುರ, ಬಸವನಗುಡಿ: ಬಂಡೆಗಳ ಜಾಡಿನಲ್ಲಿ ಪಾರಂಪರಿಕ ನಡಿಗೆ

ಬೆಂಗಳೂರು ದಕ್ಷಿಣ ಭಾಗದ ಹನುಮಂತನಗರ, ಗವಿಪುರ ಹಾಗೂ ಬಸವನಗುಡಿಯ ಪಾರಂಪರಿಕ ಸ್ಥಳಗಳನ್ನು ಕಾಲ್ನಡಿಗೆಯಲ್ಲಿ ಅಥವಾ ಸೈಕಲ್‌ನಲ್ಲಿ ಸಂದರ್ಶಿಸಬಯಸುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಮಾರ್ಗದ ಒಟ್ಟು ದೂರ ಸುಮಾರು 3ರಿಂದ 4 ಕಿ.ಮೀ. ಆಗಿದ್ದು, ಬಿಡುವಾಗಿ ನೋಡುವವರಿಗೆ ಅರ್ಧ ದಿನ ಬೇಕಾಗುತ್ತದೆ. ಇದಕ್ಕೆ ಅರ್ಜಿ, ನೋಂದಣಿ ಯಾವುದೂ ಅಗತ್ಯವಿರುವುದಿಲ್ಲ. ಬೆಳಿಗ್ಗೆ ಬೇಗ ಹೊರಡುವುದೊಂದೇ ಅಗತ್ಯ.

ಈ ಭಾಗದ ಗುಡ್ಡಗಳೆಲ್ಲವೂ ಒಂದೇ ಶಿಲಾಸಮೂಹಕ್ಕೆ ಸೇರಿದವು. ಭೂವಿಜ್ಞಾನಿಗಳು ಪೆನಿನ್ಸುಲಾರ್ ನೈಸ್ ಎಂದು ಕರೆಯುವ ಈ ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಇದೇ ಶಿಲೆಯ ಲಾಲ್‌ಬಾಗ್ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಹನುಮಂತನಗರದ ಗುಡ್ಡಗಳಿಗೆ ಆ ಸ್ಥಾನವಿಲ್ಲ. ಇಲ್ಲಿ ಬಂಡೆಯನ್ನು ಬಹುಮಟ್ಟಿಗೆ ಉಳಿಸಿಕೊಂಡು ಬಂದಿರುವುದು ಅದರ ಮೇಲಿರುವ ದೇವಾಲಯಗಳೇ.

ನಡಿಗೆಯನ್ನು ರಾಮಾಂಜನೇಯ ಗುಡ್ಡದಿಂದ ಆರಂಭಿಸುವುದು ಸೂಕ್ತ. ಹನುಮಗಿರಿ ಎಂದೂ ಕರೆಯಲಾಗುವ ಈ ಗುಡ್ಡದ ದೇವಾಲಯದಲ್ಲಿ ಶ್ರೀರಾಮನು ಆಂಜನೇಯನನ್ನು ಆಲಿಂಗಿಸಿಕೊಂಡಿರುವ ಮೂರ್ತಿಯಿದೆ. ಸಮೀಪದಲ್ಲಿಯೇ ಮೌಂಟ್ ಜಾಯ್ ಎಂದು ಹೆಸರಾದ ಗುಡ್ಡದ ಮೇಲೆ ಕುಮಾರಸ್ವಾಮಿ ದೇವಾಲಯವಿದೆ. ಎರಡೂ ಕಡೆ ಮೆಟ್ಟಿಲುಗಳಿರುವುದರಿಂದ ಸೈಕಲ್ ಸವಾರರು ಕೆಳಗೆ ಬೀಗ ಹಾಕಿ ಹತ್ತತಕ್ಕದ್ದು.

ಗವಿ ಗಂಗಾಧರೇಶ್ವರ ದೇವಾಲಯ

ಇಲ್ಲಿಂದ ಉತ್ತರಕ್ಕೆ ಇಳಿದರೆ ಗವಿಪುರ. ಬಂಡೆಯನ್ನು ಕೊರೆದು ರೂಪಿಸಿರುವ ಈ ಗುಹಾಲಯವು 1961ರ ಕರ್ನಾಟಕ ಪ್ರಾಚೀನ ಮತ್ತು ಐತಿಹಾಸಿಕ ಸ್ಮಾರಕಗಳ ಅಧಿನಿಯಮದಡಿ ಸಂರಕ್ಷಿತ ಸ್ಮಾರಕವಾಗಿರುತ್ತದೆ. ಅಂಗಳದಲ್ಲಿ ಸೂರ್ಯಪಾನ ಹಾಗೂ ಚಂದ್ರಪಾನವೆಂಬ ಎರಡು ಬೃಹತ್ ಶಿಲಾಚಕ್ರಗಳು, ತ್ರಿಶೂಲ ಮತ್ತು ಡಮರುಗಗಳು ನಿಂತಿವೆ. ಒಳಗೆ ಎರಡು ತಲೆ, ಏಳು ಕೈ, ಮೂರು ಕಾಲುಗಳುಳ್ಳ ಅಗ್ನಿದೇವನ ವಿಗ್ರಹವಿದ್ದು, ಅವಸರದಲ್ಲಿ ಬರುವವರು ಇದನ್ನು ಗಮನಿಸದೆ ಹೋಗುವುದುಂಟು.

ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣಗಳು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಸ್ಪರ್ಶಿಸುವುದು ಸರ್ವವಿದಿತ. ಆದರೆ ಇದು ವರ್ಷಕ್ಕೊಮ್ಮೆ ಮಾತ್ರ ನಡೆಯುವ ಸಂಗತಿಯಲ್ಲ. ಡಿಸೆಂಬರ್ ಸಂಕ್ರಮಣಕ್ಕೆ ಮೊದಲೂ ನಂತರವೂ ಸೂರ್ಯನು ಆಕಾಶದಲ್ಲಿ ಅದೇ ಪಥವನ್ನು ಕ್ರಮಿಸುವುದರಿಂದ, ನವೆಂಬರ್ ಕೊನೆಯ ದಿನಗಳಲ್ಲಿಯೂ ಕಿರಣ ಒಳಬರುತ್ತದೆ. 2008ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ವಿವರಿಸಿದೆ. ಸಂಕ್ರಾಂತಿಯ ಜನಸಂದಣಿಯಲ್ಲಿ ನಿಲ್ಲಲಾಗದ ಹಿರಿಯರು ನವೆಂಬರ್ ಕೊನೆಯಲ್ಲಿ ಬರುವುದು ಒಳಿತು.

ಆ ಹೊತ್ತಿಗೆ ಸೂರ್ಯ ನೈಋತ್ಯದ ಕಡೆಗೆ ವಾಲಿ, ದಿಗಂತಕ್ಕೆ ಹತ್ತಿರವಿರುತ್ತಾನೆ. ಅಂದರೆ ಕಿರಣವು ಗವಿಯನ್ನು ತಲುಪಲು ಆ ದಿಕ್ಕಿನ ತಗ್ಗಿನ ಆಕಾಶ ತೆರೆದಿರಲೇಬೇಕು. 2021ರ ಸಂಕ್ರಾಂತಿಯಂದು ಮೋಡ ಕವಿದು ಕಿರಣ ಲಿಂಗದವರೆಗೆ ಬರಲಿಲ್ಲ. ಮೋಡ ಮರುವರ್ಷಕ್ಕೆ ಸರಿಯುತ್ತದೆ, ಅಡ್ಡಲಾಗಿ ಎದ್ದ ಬಹುಮಹಡಿ ಕಟ್ಟಡ ಸರಿಯುವುದಿಲ್ಲ. ಸ್ಮಾರಕದ ರಕ್ಷಣೆಯೆಂದರೆ ಗೋಡೆಯೊಳಗಿನ ಕಲ್ಲಿನ ರಕ್ಷಣೆ ಮಾತ್ರವಲ್ಲವೆಂಬುದನ್ನು ನಾಗರಿಕರು, ವಿಶೇಷವಾಗಿ ಸುತ್ತಮುತ್ತ ಮನೆ ಕಟ್ಟಲು ನಕ್ಷೆ ಮಂಜೂರಾತಿ ಕೋರುವವರು, ಗಮನಿಸತಕ್ಕದ್ದು.

ಕೆಂಪಾಂಬುಧಿಯಿಂದ ಕಹಳೆ ಬಂಡೆಯವರೆಗೆ

ಸಮೀಪದ ಹರಿಹರ ಗುಡ್ಡವನ್ನೂ ಅದರ ಮೇಲಿನ ಕಲ್ಲಿನ ಕೊಡೆಯನ್ನೂ ನೋಡಿ ಮುಂದುವರಿದರೆ, ಕೆಂಪೇಗೌಡರ ಕುಲದೇವತೆಯ ಹೆಸರನ್ನು ಹೊತ್ತ ಕೆಂಪಾಂಬುಧಿ ಕೆರೆ ಸಿಗುತ್ತದೆ. ನಗರದ ನಾಲ್ಕು ಗಡಿ ಗೋಪುರಗಳ ಪೈಕಿ ಒಂದು ಇಲ್ಲಿದೆ. ಉಳಿದ ಮೂರು ಲಾಲ್‌ಬಾಗ್, ಹಲಸೂರು ಹಾಗೂ ಮೇಖ್ರಿ ವೃತ್ತದ ಬಳಿ ಇವೆ.

ಮರಳಿ ಬುಲ್ ಟೆಂಪಲ್ ರಸ್ತೆಗೆ ಬಂದರೆ, 1904ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಮಕೃಷ್ಣ ಮಠವನ್ನು ಕಾಣಬಹುದು. 1911ರಲ್ಲಿ ಇಲ್ಲಿಗೆ ಬಂದಿದ್ದ ಶ್ರೀ ಶಾರದಾದೇವಿಯವರು ಕುಳಿತಿದ್ದ ಬಂಡೆಯನ್ನು ಇಂದಿಗೂ ಗೌರವದಿಂದ ಕಾಪಾಡಿಕೊಂಡು ಬರಲಾಗಿದೆ. ಅದೇ ರಸ್ತೆಯಲ್ಲಿ ದಕ್ಷಿಣಕ್ಕೆ ಸಾಗಿದರೆ ದೊಡ್ಡ ಬಸವಣ್ಣನ ಗುಡಿ. ಸುಮಾರು 15 ಅಡಿ ಎತ್ತರ, 20 ಅಡಿ ಉದ್ದದ ಏಕಶಿಲಾ ಬಸವನ ಪಾದದಲ್ಲಿ ವೃಷಭಾವತಿ ನದಿ ಹುಟ್ಟುತ್ತದೆಂಬುದು ಪ್ರತೀತಿ. ಆ ನದಿಯ ಇಂದಿನ ಸ್ಥಿತಿಯನ್ನು ಮೈಸೂರು ರಸ್ತೆಯಲ್ಲಿ ಸಂಚರಿಸುವ ಎಲ್ಲರೂ ಬಲ್ಲರು. ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದೆ. ಪರಿಷೆಯ ದಿನಗಳಲ್ಲಿ ಈ ರಸ್ತೆಯಲ್ಲಿ ಸೈಕಲ್ ತರುವುದು ವ್ಯರ್ಥ ಶ್ರಮ.

ಗುಡಿಗೆ ಹೊಂದಿಕೊಂಡಿರುವ ಕಹಳೆ ಬಂಡೆ ಉದ್ಯಾನದಲ್ಲಿ ಬರಿಗಾಲಿನಲ್ಲಿ ಬಂಡೆಯ ಮೇಲೆ ನಿಂತು ನೋಡಬಹುದು. ಶಿಲೆಯಲ್ಲಿನ ಬಿಳಿ ಹಾಗೂ ಕಪ್ಪು ಪಟ್ಟೆಗಳು ಮಳೆ ಬಿದ್ದ ಮರುದಿನ ಅತ್ಯಂತ ಸ್ಪಷ್ಟವಾಗಿ ಕಾಣುತ್ತವೆ. ಬಂಡೆಯ ಮೇಲೆ ಹೆಸರು ಕೆತ್ತುವುದಾಗಲಿ, ಬಣ್ಣ ಬಳಿಯುವುದಾಗಲಿ ಸಲ್ಲದು.

ಗರ್ಭಗುಡಿಗಳ ಛಾಯಾಚಿತ್ರ ತೆಗೆಯುವ ಮುನ್ನ ದೇವಾಲಯದ ಸಿಬ್ಬಂದಿಯ ಅನುಮತಿ ಪಡೆಯತಕ್ಕದ್ದು. ಮಧ್ಯಾಹ್ನ ದೇವಾಲಯಗಳು ಮುಚ್ಚಿರುತ್ತವೆ. ಹಿಂದಿರುಗುವವರಿಗೆ ಗಾಂಧಿ ಬಜಾರ್ ಮೂಲಕ ನಡೆದು, 2017ರಲ್ಲಿ ಆರಂಭವಾದ ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣವನ್ನು ತಲುಪುವುದು ಅನುಕೂಲಕರ.