ಎಸ್‌ಎಂಪಿಎಸ್ (ಕಂಪ್ಯೂಟರ್)

ಗೋಡೆಯ ಪ್ಲಗ್ಗಿನಿಂದ ಬರುವ ಪರ್ಯಾಯ ವಿದ್ಯುತ್ತನ್ನು (ಭಾರತದಲ್ಲಿ 230 ವೋಲ್ಟ್, 50 ಹರ್ಟ್ಸ್) 12, 5 ಮತ್ತು 3.3 ವೋಲ್ಟಿನ ನೇರ ವಿದ್ಯುತ್ತಾಗಿ ಪರಿವರ್ತಿಸಿ ಕಂಪ್ಯೂಟರಿನ ಬಿಡಿಭಾಗಗಳಿಗೆ ಒದಗಿಸುವ ಘಟಕ. ಇದು ಸ್ವಿಚಿಂಗ್ ಬಗೆಯದು: ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ವಿದ್ಯುತ್ತನ್ನು ಕಡಿದು ಕೂಡಿಸುವುದರಿಂದ ಚಿಕ್ಕ ಟ್ರಾನ್ಸ್‌ಫಾರ್ಮರೇ ಸಾಕಾಗುತ್ತದೆ. ಡೆಸ್ಕ್‌ಟಾಪುಗಳಲ್ಲಿ ಇಂದು ರೂಢಿಯಲ್ಲಿರುವುದು ಇಂಟೆಲ್ 1995ರಲ್ಲಿ ಹೊರತಂದ ಎಟಿಎಕ್ಸ್ ಮಾನಕ.

ಅಗ್ಗದ ಘಟಕಕ್ಕೂ ಉತ್ತಮ ತಯಾರಿಕೆಯದಕ್ಕೂ ಇರುವ ವ್ಯತ್ಯಾಸ ಮುಚ್ಚಳ ತೆಗೆದರೆ ತಿಳಿಯುತ್ತದೆ. ಅಗ್ಗದವುಗಳಲ್ಲಿ ಹಲವು ಕಡೆ ಫಿಲ್ಟರ್ ಕಾಯಿಲ್ ಕೂರಬೇಕಾದ ಜಾಗಕ್ಕೆ ತಂತಿಯ ತುಂಡೊಂದನ್ನು ಬೆಸೆದಿರುತ್ತಾರೆ. ಹೀಟ್‌ಸಿಂಕ್ ತೆಳುವಾದ ಅಲ್ಯೂಮಿನಿಯಂ ತಗಡು. ಕೆಪಾಸಿಟರುಗಳು 105 ಡಿಗ್ರಿಯ ಬದಲು 85 ಡಿಗ್ರಿ ಸೆಲ್ಸಿಯಸ್ ತಾಳಿಕೆಯವು, ಬಿಸಿಗೆ ಬೇಗ ಉಬ್ಬುತ್ತವೆ. ಎಟಿಎಕ್ಸ್ ಪ್ರಕಾರ 12 ವೋಲ್ಟಿನ ಸಾಲಿನಲ್ಲಿ ಏರಿಳಿತದ ಅಲೆ (ರಿಪಲ್) 120 ಮಿಲಿವೋಲ್ಟ್ ಮೀರಬಾರದು. ಕಳಪೆ ಘಟಕ ಪೂರ್ಣ ಹೊರೆಯಲ್ಲಿ ಇದನ್ನು ದಾಟುವುದುಂಟು.

ಲೇಬಲ್ಲಿನ ದೊಡ್ಡ ಅಂಕಿ ನಂಬಲರ್ಹವಲ್ಲ. ‘450 ವಾಟ್’ ಎಂದಿದ್ದರೂ 12 ವೋಲ್ಟಿನ ಎದುರು 18 ಆಂಪಿಯರ್ ಮಾತ್ರ ನಮೂದಾಗಿದ್ದರೆ, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿಗೆ ಆ ಸಾಲಿನಿಂದ ದಕ್ಕುವುದು 216 ವಾಟ್. 2004ರಲ್ಲಿ ಆರಂಭವಾದ ‘80 ಪ್ಲಸ್’ ಪ್ರಮಾಣಪತ್ರ ಶೇ 20, 50 ಮತ್ತು 100ರ ಹೊರೆಯಲ್ಲಿ ಕನಿಷ್ಠ ಶೇ 80 ದಕ್ಷತೆ ಬೇಡುತ್ತದೆ. ರಿಪಲ್ಲನ್ನಾಗಲಿ ಸುರಕ್ಷತೆಯನ್ನಾಗಲಿ ಅದು ಅಳೆಯದು. ಅಧಿಕ ವೋಲ್ಟೇಜ್, ಅಧಿಕ ವಿದ್ಯುತ್ ಪ್ರವಾಹ ಹಾಗೂ ಶಾರ್ಟ್ ಸರ್ಕ್ಯೂಟ್ ತಡೆಗಳಿಲ್ಲದ ಘಟಕ ಕೆಡುವಾಗ ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಸುಡಬಲ್ಲದು.